ದಿಬ್ಬಕ್ಕೊಂದು ಸೂಪರ್‌ಚಾರ್ಜರ್

ಲೈಸೆನ್ಸ್ ಪರೀಕ್ಷೆಯ ಮೈದಾನದಲ್ಲಿದ್ದ ಆ ದಿಬ್ಬ ಹೇಳಿಕೊಳ್ಳುವಷ್ಟು ದೊಡ್ಡದೇನಲ್ಲ. ಸೈಕಲ್ಲಿನವರು ಇಳಿಯದೆ ಹತ್ತುತ್ತಾರೆ, ಮುದುಕರು ಮಾತು ನಿಲ್ಲಿಸದೆ ಹತ್ತುತ್ತಾರೆ. ಡ್ರೈವಿಂಗ್ ಮೇಷ್ಟ್ರ ಕಾರು ಮಾತ್ರ ಅದರ ನಡುವಿಗೆ ಬಂದೊಡನೆ ಹಟ ಹಿಡಿದ ಎಮ್ಮೆಯ ಹಾಗೆ ನಿಂತುಬಿಡುತ್ತಿತ್ತು. ದಿಬ್ಬದ ಅರ್ಧದಲ್ಲಿ ಕಾರು ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಮೇಲಕ್ಕೆ ಹತ್ತಿಸಬೇಕು ಎಂಬುದು ಪರೀಕ್ಷೆಯ ನಿಯಮ. ನಿಲ್ಲಿಸುವುದರಲ್ಲಿ ಮೇಷ್ಟ್ರ ಶಿಷ್ಯರೆಲ್ಲ ನಿಸ್ಸೀಮರೇ. ಹತ್ತಿಸುವುದರಲ್ಲಿ ಸಾಲಾಗಿ ಮೂವರು ಫೇಲಾದರು.

"ದಿಬ್ಬ ಹತ್ತದ ಸ್ಕೂಲು ಅಂತ ಊರೆಲ್ಲ ಹೆಸರಾಗಿದೆ ಮೇಷ್ಟ್ರೇ," ಎಂದು ಡ್ರೈವಿಂಗ್ ಸ್ಕೂಲಿನ ಮಾಲೀಕರು ಮುಖಕ್ಕೆ ಹೊಡೆದಂತೆ ಹೇಳಿದ್ದರು. "ಇನ್ನೊಬ್ರು ಫೇಲಾದ್ರೆ ನೀವು ಬೇರೆ ಕಡೆ ಕೆಲಸ ನೋಡ್ಕೊಳ್ಳಿ."

ಮೇಷ್ಟ್ರಿಗೆ ಬೇರೆ ಕೆಲಸ ಬಾರದು. ತಲೆಗೂದಲು ಬೆಳ್ಳಗಾದ ಮೇಲೆ ಅವರನ್ನು ಕರೆದು ಕೂರಿಸಿ ಕೆಲಸ ಕೊಡುವ ಪುಣ್ಯಾತ್ಮರೂ ಇರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೇಷ್ಟ್ರು ನೆಲವನ್ನು ಬಿಟ್ಟು ಎಂಜಿನ್ನನ್ನು ಹಿಡಿದುಕೊಂಡರು. ಎಂಜಿನ್ನಿಗೆ ಕಸುವಿಲ್ಲ ಎಂದು ತೀರ್ಮಾನಿಸಿ, ಭಾನುವಾರ ಯಾರಿಗೂ ಹೇಳದೆ ಸ್ಕೂಲಿನ ಕಾರನ್ನು ಹೆಂಡತಿಯ ತಮ್ಮನ ಗ್ಯಾರೇಜಿಗೆ ಒಯ್ದು, ಸೂಪರ್‌ಚಾರ್ಜರ್ ಕೂರಿಸಿಕೊಡು ಎಂದರು.

ಭಾವಮೈದುನ ಬಾನೆಟ್ ಎತ್ತಿ ನೋಡಿ ತಲೆ ಕೆರೆದುಕೊಂಡ. "ಎಂಜಿನ್ ಚೆನ್ನಾಗೇ ಇದೆಯಲ್ಲ ಭಾವ? ಇದು ಮೊದ್ಲೇ ಹೈ ಕಂಪ್ರೆಷನ್ ಎಂಜಿನ್ನು. ಒಳಗೆ ಹೋದ ಗಾಳೀನ ಹಿಂಡಿ ಹಿಪ್ಪೆ ಮಾಡುತ್ತೆ. ಇದಕ್ಕೆ ಸೂಪರ್‌ಚಾರ್ಜರ್ ಕೂರಿಸಿ ಇನ್ನಷ್ಟು ಗಾಳಿ ತುಂಬೋದು ಅಂದ್ರೆ, ಹೊಟ್ಟೆ ಬಿರಿಯ ಉಂಡವನ ಬಾಯಿಗೆ ಮತ್ತೆ ತುತ್ತು ತುರುಕಿದ ಹಾಗೆ."

"ತುರುಕು. ದಿಬ್ಬ ಹತ್ತಿದ್ರೆ ಸಾಕು."

ಭಾವನ ಮಾತು ತೆಗೆದುಹಾಕಿದರೆ ಅಕ್ಕನ ಬಾಯಿಗೆ ಬೀಳಬೇಕು. ಆತ ಗುಜರಿ ಕಾರಿನಿಂದ ಬಿಚ್ಚಿಟ್ಟಿದ್ದ ಹಳೆಯ ಸೂಪರ್‌ಚಾರ್ಜರನ್ನು ಎಂಜಿನ್ನಿನ ಮಗ್ಗುಲಿಗೆ ಬಿಗಿದು, ಬೆಲ್ಟ್ ಹಾಕಿ, ಕೊಳವೆ ಜೋಡಿಸಿದ. ಕೈ ಒರೆಸಿಕೊಳ್ಳುತ್ತ ಎಚ್ಚರಿಕೆಯನ್ನೂ ಕೊಟ್ಟ.

"ಕಂಪ್ರೆಷನ್ ತಗ್ಗಿಸೋಕೆ ದಪ್ಪ ಗ್ಯಾಸ್ಕೆಟ್ ಹಾಕ್ಬೇಕು, ಅದಿನ್ನೂ ಬಂದಿಲ್ಲ. ಅಲ್ಲೀವರೆಗೆ ಆಕ್ಸಿಲರೇಟರ್ ಅರ್ಧಕ್ಕಿಂತ ಕೆಳಗೆ ಹೋಗ್ಲೇಬಾರ್ದು. ಒಳಗಿಂದ ಟಕಟಕ ಅಂತ ಬಡಿಯೋಕೆ ಶುರುವಾದ್ರೆ ಪಿಸ್ಟನ್ ತೂತು ಅಂತಲೇ ಲೆಕ್ಕ. ಆಮೇಲೆ ಎಂಜಿನ್ನನ್ನ ಗುಜರಿಗೆ ಹಾಕೋದೇ."

ಅರ್ಧ ತಾನೇ, ನೋಡಿಕೊಂಡರಾಯಿತು ಎಂದು ಮೇಷ್ಟ್ರು ಹೊರಟರು. ಕಲಿಸುವವರ ಕಡೆ ಇರುವುದು ಬ್ರೇಕು, ಕ್ಲಚ್ಚು ಎರಡೇ, ಆಕ್ಸಿಲರೇಟರ್ ಇರುವುದು ಕಲಿಯುವವರ ಕಡೆ ಎಂಬುದು ಅವರಿಗೆ ನೆನಪಾದದ್ದು ಮರುದಿನ ಬೆಳಿಗ್ಗೆ, ಟೈಲರಮ್ಮ ಸ್ಟೀರಿಂಗ್ ಮುಂದೆ ಕುಳಿತಾಗ.

ಟೈಲರಮ್ಮನ ಕಾಲು ಮೋಟಾರು ಹೊಲಿಗೆ ಯಂತ್ರದ ಪೆಡಲ್ ಮೇಲೆ ಪಳಗಿದ ಕಾಲು. ಅದಕ್ಕೆ ಗೊತ್ತಿದ್ದದ್ದು ಎರಡೇ ವಿದ್ಯೆ: ಪೂರ್ತಿ ಒತ್ತುವುದು, ಪೂರ್ತಿ ಬಿಡುವುದು. ಅವತ್ತು ಅವರ ಪರೀಕ್ಷೆ. ಹಿಂದಿನ ಸೀಟಿನಲ್ಲಿ, ಸೊಸೆ ಪಾಸಾಗುವುದನ್ನೋ ಫೇಲಾಗುವುದನ್ನೋ ಕಣ್ಣಾರೆ ನೋಡಲು ಅತ್ತೆ.

"ಇವತ್ತು ಮೆತ್ತಗೆ ಒತ್ಬೇಕು ಟೈಲರಮ್ಮ. ತುಂಬಾ ಮೆತ್ತಗೆ."

"ಮೊನ್ನೆವರೆಗೂ 'ಒತ್ತಿ ಒತ್ತಿ' ಅಂತ ಕಿರುಚ್ತಿದ್ರಲ್ಲ ಮೇಷ್ಟ್ರೇ?"

"ಅದು ಮೊನ್ನೆ."

ಟೈಲರಮ್ಮ ಕೀಲಿ ತಿರುಗಿಸಿದರು. ಬಾನೆಟ್ಟಿನೊಳಗೆ ಸೂಪರ್‌ಚಾರ್ಜರ್ ತಿರುಗಿ 'ಕುಂಯ್' ಎಂಬ ಸಣ್ಣ ದನಿ ಎದ್ದಿತು. ಕಾರು ಬೀದಿಯ ತಿರುವು ದಾಟುವಷ್ಟರಲ್ಲಿ ಅತ್ತೆ ಎದೆ ಮುಟ್ಟಿಕೊಂಡರು.

"ನಿಲ್ಸೇ! ಎಂಜಿನ್ ಒಳಗೆ ನಾಯಿಮರಿ ಸಿಕ್ಹಾಕ್ಕೊಂಡಿದೆ!"

ಸೊಸೆ ಅತ್ತೆಯ ಮಾತು ಕೇಳಿದ್ದು ಬಹುಶಃ ಅದೇ ಮೊದಲ ಸಲ. ಕಾರು ಬೇಕರಿಯ ಮುಂದೆ ಗಕ್ಕನೆ ನಿಂತಿತು. ಅತ್ತೆಯ ಕೂಗಿಗೆ ಬೇಕರಿಯವನು ಕೈಯ ಹಿಟ್ಟು ಕೊಡವುತ್ತ ಬಂದ, ಅವನ ಹಿಂದೆ ಗಿರಾಕಿಗಳೆಲ್ಲ ಬಂದರು. ಬೇಕರಿಯವನು ರಸ್ತೆಯ ಮೇಲೆಯೇ ಅಂಗಾತ ಮಲಗಿ ಕಾರಿನ ಅಡಿಗೆ ತಲೆ ತೂರಿಸಿದ.

"ಬಾನೆಟ್ ತೆಗೀರಿ ಸಾರ್, ಮರಿ ಮೇಲ್ಗಡೆ ಇರ್ಬೇಕು."

ಬಾನೆಟ್ ತೆರೆದರೆ ಸೂಪರ್‌ಚಾರ್ಜರ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಬೇಕರಿಯವನ ಕಣ್ಣಿಗೆ ಬಿದ್ದದ್ದು ಮಾಲೀಕರ ಕಿವಿಗೆ ಮುಟ್ಟಲು ಒಂದು ಬನ್ನು ತಿನ್ನುವಷ್ಟೂ ಹೊತ್ತು ಬೇಡ. ಮೇಷ್ಟ್ರು ಬಾನೆಟ್ಟಿಗೆ ಬೆನ್ನು ಕೊಟ್ಟು ನಿಂತರು.

"ಮರಿ ಇಲ್ಲ, ಏನೂ ಇಲ್ಲ. ಅದು ಹೊಸ ಫ್ಯಾನಿನ ಸದ್ದು. ಟೈಲರಮ್ಮ, ಎಂಜಿನ್ ಆಫ್ ಮಾಡಿ."

ಎಂಜಿನ್ ನಿಂತಿತು. ಕುಂಯ್ ಎನ್ನುವುದೂ ನಿಂತಿತು.

"ಅಯ್ಯೋ ಪಾಪ, ಪ್ರಾಣ ಹೋಯ್ತು!" ಎಂದರು ಅತ್ತೆ.

"ಆನ್ ಮಾಡಿ, ಆನ್ ಮಾಡಿ!" ಮೇಷ್ಟ್ರು ಕೂಗಿದರು.

"ಬದುಕಿದೆ! ಬದುಕಿದೆ!" ಎಂದು ಗುಂಪು ಕುಣಿಯಿತು.

ಮೇಷ್ಟ್ರು ಕೈಗಡಿಯಾರ ತೋರಿಸಿದರು. ಪರೀಕ್ಷೆಗೆ ಹೊತ್ತಾಯಿತು, ಅಲ್ಲೇ ಮೈದಾನದಲ್ಲಿ ಮರಿಯನ್ನು ತೆಗೆಸುತ್ತೇನೆ ಎಂದು ಇಲ್ಲದ ಮರಿಯ ಮೇಲೆ ಆಣೆ ಮಾಡಿ ಕಾರು ಹತ್ತಿದರು. "ಕಟುಕ!" ಎಂದು ಹಿಂದಿನಿಂದ ಯಾರೋ ಕೂಗಿದ್ದು ಸ್ಪಷ್ಟವಾಗಿಯೇ ಕೇಳಿಸಿತು.

ದೊಡ್ಡ ರಸ್ತೆಗೆ ಬಂದಾಗ ಬೆನ್ನ ಹಿಂದೆ ಲಾರಿಯೊಂದು ಹಾರ್ನ್ ಹೊಡೆಯಿತು. ಟೈಲರಮ್ಮ ಬೆಚ್ಚಿಬಿದ್ದು ಪೆಡಲನ್ನು ತಳ ಮುಟ್ಟಿಸಿದರು. ಕಾರು ಬಾಣದಂತೆ ಹಾರಿತು. ಒಳಗಿಂದ ಟಕ್, ಟಕ್ ಎಂಬ ಬಡಿತ.

"ಕಾಲು ತೆಗೀರಿ!"

ಬಡಿತ ನಿಂತಿತು. ಎಂಜಿನ್ ಇನ್ನೂ ಓಡುತ್ತಿದೆ ಎಂದು ಖಾತ್ರಿಯಾಗುವವರೆಗೆ ಮೇಷ್ಟ್ರು ಉಸಿರು ಬಿಡಲಿಲ್ಲ. ಕೆಲಸ ಹೋಗುವುದು ಹಾಗಿರಲಿ, ಎಂಜಿನ್ ಹೋದರೆ ಮಾಲೀಕರು ತಮ್ಮ ಚರ್ಮ ಸುಲಿಯುತ್ತಾರೆ ಎಂದು ಅವರಿಗೆ ನಿಜವಾಗಿ ಭಯವಾಯಿತು.

"ಟೈಲರಮ್ಮ," ಎಂದರು, ಅಳುವ ದನಿಯಲ್ಲಿ. "ತೆಳು ರೇಷ್ಮೆ ಬಟ್ಟೆಗೆ ಹೊಲಿಗೆ ಹಾಕುವಾಗ ಪೆಡಲ್ ಹೇಗೆ ಒತ್ತೀರಿ?"

"ಉಸಿರು ಬಿಗಿ ಹಿಡ್ಕೊಂಡು, ಒಂದೊಂದೇ ಹೊಲಿಗೆ."

"ಇದೂ ರೇಷ್ಮೆ ಅಂದ್ಕೊಳ್ಳಿ. ನನ್ನ ಮಾನಾನೂ ಅದೇ ಬಟ್ಟೇಲಿ ಹೊಲಿದಿದೆ."

ಟೈಲರಮ್ಮನಿಗೆ ಅದು ಒಂದೇ ಮಾತಿಗೆ ಅರ್ಥವಾಯಿತು. ಅಲ್ಲಿಂದ ಮೈದಾನದವರೆಗೆ ಕಾರು ಅಲುಗದೆ ಹೋಯಿತು. "ಇದಕ್ಕಿಂತ ನಾನೇ ಬೇಗ ನಡೀತೀನಿ," ಎಂದು ಅತ್ತೆ ದಾರಿಯುದ್ದಕ್ಕೂ ಗೊಣಗಿದರು.

ಮೈದಾನದ ಗೇಟಿನಲ್ಲೇ ಮಾಲೀಕರು ಕೈಕಟ್ಟಿ ನಿಂತಿದ್ದರು. ಅತ್ತೆ ಇಳಿದು ಅವರ ಪಕ್ಕಕ್ಕೆ ಹೋದರು. ಇನ್ಸ್‌ಪೆಕ್ಟರ್ ಬಂದು ಹಿಂದಿನ ಸೀಟಿನಲ್ಲಿ ಕುಳಿತರು.

"ಅದೇನ್ರೀ ಸದ್ದು?"

"ಫ್ಯಾನ್ ಬೆಲ್ಟ್ ಸಾರ್. ಹಳೇದು." ಬೀದಿಯಲ್ಲಿ ಹೊಸದಾಗಿದ್ದ ಫ್ಯಾನು ಮೈದಾನಕ್ಕೆ ಬರುವಷ್ಟರಲ್ಲಿ ಹಳೆಯದಾಗಿತ್ತು.

ಕಾರು ದಿಬ್ಬ ಏರಿತು, ಅರ್ಧದಲ್ಲಿ ನಿಂತಿತು. ಇನ್ನು ಹತ್ತಿಸಬೇಕು. ಮೇಷ್ಟ್ರಿಗೆ ಈಗ ಟೈಲರಮ್ಮನೂ ಕಾಣಲಿಲ್ಲ, ದಿಬ್ಬವೂ ಕಾಣಲಿಲ್ಲ. ಜೀವವೆಲ್ಲ ಕಿವಿಗೆ ಬಂದಿತ್ತು. ಎರಡೂ ಕಾಲನ್ನು ಸೀಟಿನ ಅಡಿಗೆ ಮಡಿಚಿಕೊಂಡು ಮುಂದಕ್ಕೆ ಬಾಗಿ, ಕಿವಿಯನ್ನು ಡ್ಯಾಶ್‌ಬೋರ್ಡಿಗೆ ಒತ್ತಿ ಹಿಡಿದರು.

"ಏನ್ರೀ, ಹೊಟ್ಟೆನೋವಾ?" ಎಂದರು ಇನ್ಸ್‌ಪೆಕ್ಟರ್.

"ಪೆನ್ನು ಬಿತ್ತು ಸಾರ್."

ಟೈಲರಮ್ಮ ಉಸಿರು ಬಿಗಿ ಹಿಡಿದರು. ಪೆಡಲ್ ಕೂದಲೆಳೆಯಷ್ಟು ಇಳಿಯಿತು. ಕುಂಯ್ ಎನ್ನುವುದು ಸ್ವಲ್ಪ ಏರಿತು, ಬಡಿತ ಇಲ್ಲ. ಕಾರು ಕದಲಿತು. ಬಡಿತ ಇಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕಾರು ದಿಬ್ಬದ ತುದಿ ಮುಟ್ಟಿ, ಆ ಕಡೆ ಇಳಿದು, ಸುತ್ತು ಹಾಕಿ ದಿಬ್ಬದ ಬುಡಕ್ಕೆ ಬಂದು ನಿಂತಿತು.

"ಪಾಸ್," ಎಂದರು ಇನ್ಸ್‌ಪೆಕ್ಟರ್. "ಇಷ್ಟು ನಯವಾಗಿ ಹತ್ತಿಸಿದವರನ್ನ ನಾನು ನೋಡೇ ಇಲ್ಲ."

ಮಾಲೀಕರು ಓಡೋಡಿ ಬಂದು ಮೇಷ್ಟ್ರನ್ನು ತಬ್ಬಿಕೊಂಡರು. ಇನ್ನು ನೀವಿರುವವರೆಗೂ ನಮ್ಮ ಸ್ಕೂಲಿನಲ್ಲೇ ಇರಬೇಕು ಎಂದರು. ಮೇಷ್ಟ್ರ ಕಣ್ಣು ತುಂಬಿ ಬಂತು. ಮನಸ್ಸಿನಲ್ಲೇ ಭಾವಮೈದುನನಿಗೂ ಆ ಸೂಪರ್‌ಚಾರ್ಜರಿಗೂ ಕೈ ಮುಗಿದರು.

"ಎಲ್ಲಾ ನಿಮ್ಮಿಂದಲೇ ಮೇಷ್ಟ್ರೇ," ಎಂದು ಟೈಲರಮ್ಮ ಅವರನ್ನು ಪಕ್ಕಕ್ಕೆ ಕರೆದು ಹೇಳಿದರು. "ಇವತ್ತು ನೀವು ಬ್ರೇಕ್ ಒತ್ಲಿಲ್ಲ ನೋಡಿ, ಅದಕ್ಕೇ ಹತ್ತಿದ್ದು."

"ಯಾವ ಬ್ರೇಕು?"

"ಅದೇ, ನಿಮ್ಮ ಕಡೇದು. ದಿನಾ ದಿಬ್ಬ ಹತ್ತಿಸೋವಾಗ ಗಟ್ಟಿಯಾಗಿ ಒತ್ಕೊಂಡು ಕೂತಿರ್ತಿದ್ರಲ್ಲ? ನಾನು ಕಾಲು ತೆಗೆದ್ರೂ ನನ್ನ ಕಡೆ ಬ್ರೇಕ್ ಪೆಡಲ್ ಮೇಲಕ್ಕೇ ಬರ್ತಿರ್ಲಿಲ್ಲ. ಕಲಿಸೋ ಕ್ರಮನೇ ಹಾಗಿರ್ಬೇಕು ಅಂತ ಸುಮ್ನಿದ್ದೆ."

ಮೇಷ್ಟ್ರು ತಮ್ಮ ಬಲಗಾಲನ್ನೇ ನೋಡುತ್ತ ನಿಂತರು. ಫೇಲಾದ ಆ ಮೂವರ ಮುಖ ಒಂದರ ಹಿಂದೊಂದು ಕಣ್ಣ ಮುಂದೆ ಬಂತು. ಕಾರು ಎಲ್ಲಿ ಹಿಂದಕ್ಕೆ ಜಾರುತ್ತದೋ ಎಂಬ ಹೆದರಿಕೆಗೆ ಈ ಕಾಲು ತಮಗೇ ಗೊತ್ತಿಲ್ಲದೆ ಎಲ್ಲರ ಕಾರನ್ನೂ ಹಿಡಿದು ನಿಲ್ಲಿಸಿತ್ತು. ಎಂಜಿನ್ನಿಗೆ ಯಾವ ರೋಗವೂ ಇರಲಿಲ್ಲ. ನಾಚಿಕೆಯಾಯಿತು, ಆದರೆ ಅದರ ಬೆನ್ನಿಗೇ ಹಾಯೆನಿಸಿತು. ಸಂಜೆಯೇ ಹೋಗಿ ಸೂಪರ್‌ಚಾರ್ಜರನ್ನು ಬಿಚ್ಚಿಸಿಬಿಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕೆಲಸವೂ ಉಳಿಯಿತು, ಎಂಜಿನ್ನೂ ಉಳಿಯಿತು.

ಆಗ ಹಿಂದಿನಿಂದ 'ಕುಂಯ್' ಎಂದು ಕೇಳಿಸಿತು.

ಸ್ಟೀರಿಂಗ್ ಹಿಂದೆ ಮಾಲೀಕರು ಕುಳಿತಿದ್ದರು. "ದಿಬ್ಬ ಹತ್ತದ ಸ್ಕೂಲು ಅಂದೋರೆಲ್ಲ ಬಂದು ನೋಡ್ರೋ!" ಎಂದು ಮೈದಾನಕ್ಕೆಲ್ಲ ಕೇಳುವಂತೆ ಕೂಗುತ್ತಿದ್ದರು.

ಮೇಷ್ಟ್ರು ಎದ್ದೆನೋ ಬಿದ್ದೆನೋ ಎಂದು ಓಡಿದರು. "ಅರ್ಧ! ಯಜಮಾನ್ರೇ, ಅರ್ಧ ಮಾತ್ರ!"

"ಅರ್ಧ ಯಾಕ್ರೀ? ಪೂರ್ತಿ ಹತ್ತಿಸ್ತೀನಿ!" ಎಂದು ನಗುತ್ತ ಮಾಲೀಕರು ಪೆಡಲನ್ನು ತಳ ಮುಟ್ಟಿಸಿದರು.

ಕಾರು ಚಿಮ್ಮಿತು. ಮೇಷ್ಟ್ರ ಬಲಗಾಲು ನಿಂತಲ್ಲೇ ನೆಲವನ್ನು ಬಲವಾಗಿ ಒತ್ತಿ ಹಿಡಿಯಿತು. ಅಲ್ಲಿ ಬ್ರೇಕ್ ಇರಲಿಲ್ಲ. ಟಕಟಕ ಬಡಿತ ಮೈದಾನದ ಆಚೆಯವರೆಗೂ ಕೇಳಿಸಿತು, ಆಮೇಲೆ ಢಮಾರೆಂಬ ಒಂದು ಸದ್ದು, ಆಮೇಲೆ ಹೊಗೆ. ಕಾರು ದಿಬ್ಬದ ಅರ್ಧದಲ್ಲಿ ನಿಂತಿತು. ಮಾಲೀಕರು ಕೆಮ್ಮುತ್ತ ಇಳಿದು, ಮುಂದಕ್ಕೆ ಬಂದು ಬಾನೆಟ್ ಎತ್ತಿದರು.