ಮಾತಾ ಸೀರೆ, ನನ್ನ ಮೀಸೆ

ನಮ್ಮ ಮಗ್ಗದ ಮನೆಗೆ ಕಾಲಿಟ್ಟವರು ನಗದೆ ವಾಪಸು ಹೋದದ್ದನ್ನು ನಾನು ಕಂಡಿಲ್ಲ. ನಾವೇನೂ ನಗಿಸಲು ಕೂತವರಲ್ಲ. ಸಿರುಮುಗೈಯಲ್ಲಿ ಭವಾನಿ ಹೊಳೆಯ ಹತ್ತಿರ ಕೂತು ರೇಷ್ಮೆ ಸೀರೆ ನೇಯುತ್ತೇವೆ, ಅಷ್ಟೆ. ಆದರೂ ಏನಾದರೊಂದು ಆಗುತ್ತಲೇ ಇರುತ್ತದೆ. ಕಳೆದ ವರ್ಷವಂತೂ ಸಂತರೇ ಸಾಲಾಗಿ ನಮ್ಮ ಮನೆಗೆ ಬಂದರು. ಕರೆತಂದವರು ಪೋತ್ತನೂರಿನ ಒಬ್ಬ ಫಾದರ್. ನಾವು ಚೌಡೇಶ್ವರಿಗೆ ಕೈಮುಗಿಯುವ ಮನೆತನ. ಹಾಗಿದ್ದೂ ಇವತ್ತು ಸಂತರ ಕಥೆಯನ್ನು ನನ್ನಷ್ಟು ಚೆನ್ನಾಗಿ ಹೇಳುವವನು ನಮ್ಮ ಬೀದಿಯಲ್ಲಿ ಇಲ್ಲ. ಬೀದಿ ಯಾಕೆ, ಮೇಟ್ಟುಪಾಳಯಂವರೆಗೂ ಇಲ್ಲ. ಫಾದರ್ ಜೊತೆ ನಾವು ಆಡಿದ್ದೆಲ್ಲ ತಮಿಳು. ಇಲ್ಲಿ ಮನೆಮಾತಾದ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಮೈಕಿನಲ್ಲಿ ಹೆಸರು

ಪೋತ್ತನೂರಿನಲ್ಲಿ ರೈಲ್ವೆಯವರ ಮನೆಗಳ ಹಿಂದೆ ಫಾದರ್ ಅವರ ಚರ್ಚು. ಅಲ್ಲಿ ಮಾತಾ, ಅಂದರೆ ಯೇಸುವಿನ ತಾಯಿ ಮರಿಯಮ್ಮ, ಆಳೆತ್ತರಕ್ಕೆ ನಿಂತಿದ್ದಾಳೆ. ಹಬ್ಬಕ್ಕೆ ಅವಳಿಗೆ ಹೊಸ ರೇಷ್ಮೆ ಸೀರೆ ಉಡಿಸುವುದು ಅಲ್ಲಿನ ಪದ್ಧತಿ. ಆ ಸೀರೆ ನೇಯುವ ಕೆಲಸ ನನಗೆ ಬಂತು. ಬರಲೇಬೇಕಿತ್ತು ಬಿಡಿ. ನನ್ನ ಅಂಚು ನೋಡಿದವರು ಬೇರೆಯವನ ಮಗ್ಗದ ಕಡೆ ತಿರುಗುವುದಿಲ್ಲ.

ನನಗೆ ಒಂದೇ ಒಂದು ಕೊರಗು. ನಾವು ನೇಯ್ದ ಸೀರೆ ಅಂಗಡಿಗೆ ಹೋದ ಮೇಲೆ ಅಂಗಡಿಯ ಹೆಸರಿನ ಡಬ್ಬಿಯಲ್ಲಿ ಕೂರುತ್ತದೆ. ಎಷ್ಟು ಮದುವಣಗಿತ್ತಿಯರು ನನ್ನ ಕೈಯ ಸೀರೆ ಉಟ್ಟು ಮಣೆಯ ಮೇಲೆ ಕೂತರೋ, ಒಬ್ಬಳಿಗೂ ನಾನು ಯಾರು ಅಂತ ಗೊತ್ತಿಲ್ಲ. ಈ ಸೀರೆಯಾದರೂ ನನ್ನ ಹೆಸರಿನಲ್ಲಿ ಹೊರಗೆ ಹೋಗಲಿ ಅಂತ ಆಸೆ.

"ಫಾದರ್, ಹಬ್ಬದ ಪೂಜೆಯಲ್ಲಿ ಮೈಕಿನಲ್ಲಿ ನನ್ನ ಹೆಸರು ಹೇಳಬೇಕು" ಅಂದೆ.

ಅವರು ನಕ್ಕರು. "ನಿನ್ನ ಊರಿನ ಹೆಸರು ಹೇಳುತ್ತೇನೆ."

"ಊರು ನೇಯಲ್ಲ ಫಾದರ್, ನಾನು ನೇಯೋದು."

"ನೋಡೋಣ" ಅಂದರು. ಫಾದರ್‌ಗಳು ನೋಡೋಣ ಅಂದರೆ ಆಗಲ್ಲ ಅಂತ ಅರ್ಥ. ಅದು ನನಗೆ ಆಮೇಲೆ ತಿಳಿಯಿತು. ಅಷ್ಟರಲ್ಲಿ ಬೀದಿಗೆಲ್ಲ ಹೇಳಿಯಾಗಿತ್ತು. ಹಬ್ಬಕ್ಕೆ ಹೋಗಲು ವ್ಯಾನ್ ಕೂಡ ಮಾತಾಡಿಯಾಗಿತ್ತು.

ಪಕ್ಕದ ಮನೆಯಲ್ಲೇ ನನ್ನ ಸೋದರಮಾವ. ಅವನೂ ನೇಕಾರ. ನಾನು ಸೋಲುವುದನ್ನು ನೋಡಬೇಕು ಅಂತಲೇ ಬದುಕಿರುವ ಮನುಷ್ಯ. "ಆ ಚರ್ಚಲ್ಲಿ ಎಲ್ಲಾದರೂ ನಿನ್ನ ಹೆಸರು ಕೇಳಿದರೆ, ಇಲ್ಲಾ ಕಂಡರೆ, ನನ್ನ ಮೀಸೆ ತೆಗೀತೀನಿ" ಅಂದ. "ಇಲ್ಲದಿದ್ರೆ ನಿನ್ನದು."

ನನ್ನ ಮೀಸೆಯ ಬಗ್ಗೆ ಎರಡು ಮಾತು ಹೇಳಬಹುದಿತ್ತು. ಬೇಡ. ನೋಡಿದವರಿಗೆ ಗೊತ್ತು. ಕೈ ಮೇಲೆ ಕೈ ಹಾಕಿದೆ.

ಅರ್ಧ ಮೇಲುಹೊದಿಕೆ

ಫಾದರ್ ಗುರುವಾರ ಗುರುವಾರ ಮೇಟ್ಟುಪಾಳಯಂ ಕಡೆ ಪ್ರಾರ್ಥನೆಗೆ ಬರುತ್ತಿದ್ದರು. ಹಾಗೇ ಸ್ಕೂಟರಿನಲ್ಲಿ ನಮ್ಮ ಮನೆಗೂ ಬಂದು, ಮಗ್ಗದ ಪಕ್ಕ ಸ್ಟೂಲು ಹಾಕಿಕೊಂಡು, ಸೀರೆ ಎಷ್ಟು ಬೆಳೆದಿದೆ ಅಂತ ನೋಡುತ್ತಾ ಒಬ್ಬೊಬ್ಬ ಸಂತರ ಕಥೆ ಹೇಳುತ್ತಿದ್ದರು.

ಮೊದಲು ಬಂದವರು ಸಂತ ಮಾರ್ಟಿನ್. ಅವರು ಆಗಿನ್ನೂ ಸಿಪಾಯಿ. ಕೊರೆಯುವ ಚಳಿಯಲ್ಲಿ ಊರಬಾಗಿಲ ಹತ್ತಿರ ಒಬ್ಬ ಭಿಕ್ಷುಕ ನಡುಗುತ್ತಾ ನಿಂತಿದ್ದ. ಮಾರ್ಟಿನ್ ಕತ್ತಿ ತೆಗೆದು ತಮ್ಮ ಮೇಲುಹೊದಿಕೆಯನ್ನು ಎರಡು ಭಾಗ ಮಾಡಿ ಅರ್ಧ ಅವನಿಗೆ ಕೊಟ್ಟರು.

ಅಪ್ಪನ ಮಗ್ಗ ನಿಂತಿತು. "ಉದ್ದಕ್ಕೆ ಕತ್ತರಿಸಿದರಾ, ಅಡ್ಡಕ್ಕಾ?"

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು ಅಂತ ಫಾದರ್ ಮುಖ ನೋಡಿದರೇ ತಿಳಿಯುತ್ತಿತ್ತು. "ಅದು ಎಲ್ಲೂ ಬರೆದ ಹಾಗಿಲ್ಲ" ಅಂದರು.

"ಅಡ್ಡಕ್ಕೆ ಕತ್ತರಿಸಿದರೆ ಸೆರಗು ಒಬ್ಬನಿಗೇ ಹೋಗುತ್ತೆ, ಇನ್ನೊಬ್ಬನಿಗೆ ಬೋಳು ಬಟ್ಟೆ. ಉದ್ದಕ್ಕೆ ಆದರೆ ಇಬ್ಬರಿಗೂ ಒಂದೊಂದು ಅಂಚು ಸಿಗುತ್ತೆ. ಸಂತರು ಅಂತೀರಿ, ಉದ್ದಕ್ಕೇ ಕತ್ತರಿಸಿರ್ತಾರೆ" ಅಂತ ಅಪ್ಪ ತೀರ್ಪು ಕೊಟ್ಟ. ಆ ಭಾನುವಾರ ಫಾದರ್ ಪೋತ್ತನೂರಿನಲ್ಲಿ ಅದನ್ನೇ ಪ್ರವಚನ ಮಾಡಿದರಂತೆ: ಕೊಡುವಾಗ ಅಂಚು ಸೇರಿಸಿ ಕೊಡಿ, ನಮಗೆ ಬೇಡವಾದದ್ದನ್ನಲ್ಲ. ನಮ್ಮ ಮನೆಯ ಮಾತು ಮೈಕಿನಲ್ಲಿ ಬಂತು, ಗಮನಿಸಿ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಮಾರ್ಗಳಿ ತಿಂಗಳ ಚಳಿ ಶುರುವಾಗಿತ್ತು. ಒಂದು ಬೆಳಿಗ್ಗೆ ಅಪ್ಪ ಹೊಳೆಯಿಂದ ಬರಿಮೈಯಲ್ಲಿ ನಡುಗುತ್ತಾ ಬಂದ. ತಾನೇ ನೇಯ್ದು ಎಷ್ಟೋ ವರ್ಷ ಹೊದ್ದ ಶಾಲನ್ನು ಸೇತುವೆ ಹತ್ತಿರ ಮಲಗಿದ್ದ ಯಾರೋ ಮುದುಕನಿಗೆ ಹೊದಿಸಿ ಬಂದಿದ್ದ. ನಾನು ಬೆರಗಾಗಿ, "ಅಪ್ಪಾ, ಸಂತರೇ ಅರ್ಧ ಕೊಟ್ಟರು. ನೀನು ಪೂರ್ತಿ ಕೊಟ್ಟುಬಿಟ್ಟೆಯಾ?" ಅಂದೆ.

"ಏನ್ ಮಾಡ್ಲಿ ಡಾ" ಅಂದ. "ಅವರು ಸಿಪಾಯಿ. ನಾನು ನೇಯ್ದವನು. ಕತ್ತರಿಸೋಕೆ ಮನಸ್ಸು ಬರಲಿಲ್ಲ."

ಎಡಗೈಗೆ ಹೇಳಬೇಡ

ಇನ್ನೊಂದು ಗುರುವಾರ ನಾನು ಮತ್ತೆ ಮೈಕಿನ ಮಾತು ಎತ್ತಿದೆ. ಫಾದರ್ ಶುಭಸಂದೇಶದ, ಅಂದರೆ ಯೇಸುವಿನ ಕಥೆ ಬರೆದಿರುವ ಪುಸ್ತಕದ, ಮಾತು ಹೇಳಿದರು: ದಾನ ಮಾಡುವಾಗ ನಿನ್ನ ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಅಂತ ಯೇಸು ಕಲಿಸಿದ್ದಾರೆ. ಗುಟ್ಟಾಗಿ ಮಾಡಿದ್ದನ್ನು ನೋಡುವವನು ಮೇಲೊಬ್ಬ ಇದ್ದಾನೆ.

ಮಾತು ಚೆನ್ನಾಗಿದೆ, ಒಪ್ಪಿದೆ. ಆದರೆ ಅಪ್ಪ ಒಪ್ಪಲಿಲ್ಲ. "ಅದು ಬೇರೆ ಕಸುಬಿನವರಿಗೆ ಸರಿ ಫಾದರ್. ನೇಕಾರನಿಗೆ ಆಗದ ಕೆಲಸ. ಬಲಗೈ ಹಗ್ಗ ಎಳೆದರೆ ಲಾಳಿ ಓಡುತ್ತೆ. ಅದು ಆ ದಡ ಮುಟ್ಟಿತು ಅಂತ ತಿಳಿದ ಮೇಲೇ ಎಡಗೈ ಎಳೆ ಕೂರಿಸುವ ಹಣಿಗೆಯನ್ನು ಬಡಿಯಬೇಕು. ಇದಕ್ಕೆ ಅದು ಗೊತ್ತಾಗದಿದ್ರೆ ಲಾಳಿ ನಡುವೆ ಸಿಕ್ಕಿ ಎಳೆಯೆಲ್ಲ ತುಂಡು."

"ಅಭ್ಯಾಸ ಮಾಡಿದರೆ ಯಾಕಾಗಲ್ಲ?" ಅಂತ ಫಾದರ್ ಎದ್ದರು. ಮಾತಾ ಸೀರೆಗೆ ನಾನು ಕೈ ಹಾಕಲು ಬಿಡಲಿಲ್ಲ. ಪಕ್ಕದಲ್ಲಿ ಹತ್ತಿ ಹಾಸಿನ ಮಗ್ಗ ಇತ್ತು, ಅದಕ್ಕೆ ಕೂರಿಸಿದೆ. ಅವರು ಬಿಳಿ ನಿಲುವಂಗಿ ಎತ್ತಿ ಕಟ್ಟಿ ಮಗ್ಗದ ಕೆಳಗಿನ ಗುಂಡಿಗೆ ಕಾಲು ಇಳಿಬಿಟ್ಟು, ಶಿಲುಬೆಯ ಗುರುತು ಹಾಕಿಕೊಂಡು, ಬಲಗೈಯಿಂದ ಜೋರಾಗಿ ಎಳೆದರು. ಎಡಗೈ ಸುಮ್ಮನೆ ಕೂತಿತ್ತು, ಅದಕ್ಕೆ ಏನೂ ತಿಳಿದಿರಲಿಲ್ಲ. ಲಾಳಿ ಮಗ್ಗ ಬಿಟ್ಟು ಹಾರಿ, ಅಪ್ಪನ ಕಾಫಿ ಲೋಟವನ್ನು ಉರುಳಿಸಿ, ಬಾಗಿಲಲ್ಲಿ ಮಲಗಿದ್ದ ಬೆಕ್ಕನ್ನು ಬೀದಿಗೆ ಕಳಿಸಿತು.

ಅಪ್ಪ ಚೆಲ್ಲಿದ ಕಾಫಿಯನ್ನೇ ನೋಡುತ್ತಾ ತುಂಬಾ ಮರ್ಯಾದೆಯಿಂದ ಹೇಳಿದ: "ಇದೊಂದು ಸಲ ಎಡಗೈಗೂ ಹೇಳಿಬಿಡಿ ಫಾದರ್."

ಮಾತಾಡದ ಬಡಗಿ

ಮಾತಾಳ ಗಂಡ ಸಂತ ಜೋಸೆಫರು. ನಮ್ಮ ಕಡೆ ಸೂಸೈಯಪ್ಪರ್ ಅಂತಾರೆ. ಬಡಗಿ. ಹೆಂಡತಿ ಮಗುವನ್ನು ಕಾಪಾಡಿಕೊಂಡು ಪರದೇಶಕ್ಕೆ ಓಡಿದವರು, ಮಗನಿಗೆ ಕಸುಬು ಕಲಿಸಿದವರು. ಇಷ್ಟೆಲ್ಲ ಮಾಡಿದ ಮನುಷ್ಯ ಶುಭಸಂದೇಶದಲ್ಲಿ ಒಂದೇ ಒಂದು ಮಾತು ಆಡಿದ ಹಾಗೆ ಬರೆದಿಲ್ಲವಂತೆ.

"ಒಂದೂ ಇಲ್ಲವಾ?" ಅಂದೆ.

"ಒಂದೂ ಇಲ್ಲ."

"ಮತ್ತೆ ಅವರು ಒಳ್ಳೆ ಬಡಗಿ ಅಂತ ಜನಕ್ಕೆ ಹೇಗೆ ಗೊತ್ತಾಯ್ತು?"

"ಅವರು ಮಾಡಿದ ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುತ್ತಿತ್ತು" ಅಂದರು ಫಾದರ್.

ಕಸುಬುದಾರರಲ್ಲಿ ಇಷ್ಟು ದೊಡ್ಡವರು ಇನ್ನೊಬ್ಬರಿಲ್ಲ ಅಂತ ಆವತ್ತೇ ತೀರ್ಮಾನ ಮಾಡಿದೆ. ನಾನೂ ಹಾಗೆ ಇರಬಲ್ಲೆ ಅಂದೆ. "ಒಂದು ಕಂಡಿಕೆ ನೂಲು ಮುಗಿಯುವವರೆಗೆ ಸುಮ್ಮನಿರು ನೋಡೋಣ" ಅಂದರು. ಒಂದು ಕಂಡಿಕೆ ಅಂದರೆ ಲಾಳಿಯೊಳಗಿನ ಪುಟ್ಟ ನೂಲುಂಡೆ, ಎಷ್ಟು ಹೊತ್ತಿನ ಮಾತು. ಬಾಯಿ ಬಿಗಿದು ನೇಯತೊಡಗಿದೆ. ಅವ್ವ ಇಣುಕಿ ನೋಡಿ, ಮಗ್ಗದ ಸದ್ದು ಇದೆ ನನ್ನ ಸದ್ದಿಲ್ಲ ಅಂತ ಗಾಬರಿಯಾದಳು. ಅರ್ಧ ಕಂಡಿಕೆಗೆ ಬಂದಿದ್ದೆ. ಮಾವ ಒಳಗೆ ಬಂದು, ಬಗ್ಗಿ ನೋಡಿ, "ಅಂಚು ಸ್ವಲ್ಪ ಸೊಟ್ಟ ಅಲ್ವಾ?" ಅಂದ.

ಆಮೇಲೆ ನಾನು ಆಡಿದ ಮಾತುಗಳನ್ನು ಫಾದರ್ ಕೇಳಿಸಿಕೊಳ್ಳದ ಹಾಗೆ ಕಿಟಕಿ ಕಡೆ ನೋಡುತ್ತಾ ಕೂತಿದ್ದರು. ಕೊನೆಗೆ, "ಸೂಸೈಯಪ್ಪರ್‌ಗೆ ಸೋದರಮಾವ ಇದ್ದ ಹಾಗೆ ಎಲ್ಲೂ ಬರೆದಿಲ್ಲ" ಅಂತ ಸಮಾಧಾನ ಹೇಳಿದರು.

ಮಾತೇ ಆಡದ ಬಡಗಿಯನ್ನು ಇಷ್ಟು ಮೆಚ್ಚುವ ಫಾದರ್ ಮೈಕಿನಲ್ಲಿ ನನ್ನ ಹೆಸರು ಹೇಳುವುದಿಲ್ಲ ಅನ್ನುವುದು ಆಗ ಖಚಿತವಾಯಿತು. ಆದರೆ ಮಾವ ಹೇಳಿದ್ದು ಏನು? ಕೇಳಿದರೆ, ಇಲ್ಲಾ ಕಂಡರೆ. ಸೆರಗಿನ ಮೂಲೆಯಲ್ಲಿ ಜರಿಯಲ್ಲಿ ನನ್ನ ಹೆಸರನ್ನೇ ನೇಯ್ದುಬಿಟ್ಟರೆ? ತಮಿಳಿನಲ್ಲಿ ನೇಯ್ದರೆ ಫಾದರ್ ಓದುತ್ತಾರೆ. ಕನ್ನಡದಲ್ಲಿ ನೇಯ್ದರೆ ಯಾರೂ ಓದಲ್ಲ. ನಮ್ಮ ಬೀದಿಯಲ್ಲಿ ಮನೆಮನೆಗೂ ಕನ್ನಡ ಮಾತು, ಅಕ್ಷರ ಮಾತ್ರ ನನಗೊಬ್ಬನಿಗೇ ಬರುವುದು; ಫೋನ್ ನೋಡಿ ಒಂದೇ ತಿಂಗಳಲ್ಲಿ ಕಲಿತೆ. ನಮ್ಮ ಅಕ್ಷರವೋ ಗುಂಡುಗುಂಡಾಗಿ ಬಳ್ಳಿಯ ಹಾಗೇ ಇರುತ್ತದೆ. ಪುಟ್ಟ ಪುಟ್ಟ ಕಂಡಿಕೆಗಳಲ್ಲಿ ಜರಿ ಸುತ್ತಿ ಒಂದೊಂದೇ ಎಳೆ ಸೇರಿಸಿ ನಾಲ್ಕು ದಿನ ಕೂತು ನೇಯ್ದೆ. ನನ್ನ ಕೆಲಸಗಳಲ್ಲೇ ಅದು ಅತಿ ಚೆಂದ. ಇದು ನಾನು ಹೇಳುವುದಲ್ಲ... ಸರಿ, ನಾನೇ ಹೇಳುವುದು.

ಉಕ್ಕಡಂ ಬಸ್ಸು

ಸೀರೆ ಒಪ್ಪಿಸಲು ಹೊರಟ ದಿನ ಉಕ್ಕಡಂನಲ್ಲಿ ಬಸ್ಸು ಬದಲಿಸಬೇಕಾಯಿತು. ಮೀನು ಸಂತೆಯಿಂದ ಒಬ್ಬ ಹೆಂಗಸು ತುಂಬಿದ ಬುಟ್ಟಿಯೊಂದಿಗೆ ಹತ್ತಿ ಸರಿಯಾಗಿ ನನ್ನ ಪಕ್ಕವೇ ಕೂತಳು. ನಾನು ಸೀರೆಯ ಪೊಟ್ಟಣವನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಹಿಡಿದೆ.

"ಏನ್ ತಂಬಿ, ಬಾಂಬಾ ಅದು?" ಅಂದಳು.

"ಪೋತ್ತನೂರು ಮಾತಾ ಸೀರೆ ಅಕ್ಕಾ. ಮೀನು ವಾಸನೆ ಹತ್ತಿದರೆ ಕಷ್ಟ."

ಅವಳ ಕುತ್ತಿಗೆಯಲ್ಲಿ ಶಿಲುಬೆಯ ಜಪಸರ ಇತ್ತು, ನಾನು ನೋಡಿರಲಿಲ್ಲ. "ಮಾತಾಳ ಮಗ ಕಟ್ಟಿಕೊಂಡು ತಿರುಗಿದ್ದು ಯಾರನ್ನ? ಪೇತ್ರ ಮೀನುಗಾರ, ಅವನ ತಮ್ಮ ಮೀನುಗಾರ, ಇನ್ನಿಬ್ಬರು ಮೀನುಗಾರರು. ಅಷ್ಟೂ ಜನ ಊಟಕ್ಕೆ ಬರುತ್ತಿದ್ದದ್ದು ಅವಳ ಮನೆಗೇ ಅಲ್ವಾ? ಆ ವಾಸನೆ ಅವಳಿಗೆ ಹೊಸದಲ್ಲ, ಕೈ ಇಳಿಸು."

ಫಾದರ್ ಕೂಡ ಪೇತ್ರನ ಬಗ್ಗೆ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಕೈ ಇಳಿಸಿದೆ. ಇಳಿಯುವಾಗ ಅವಳು ಪೊಟ್ಟಣದ ಕಡೆ ಕೈಮುಗಿದಳು, ಮುಟ್ಟಲಿಲ್ಲ. "ನನಗೇನೂ ಇಲ್ಲ ತಂಬಿ, ನಿನಗೆ ಭಯ ಅಂತ ಮುಟ್ಟಲಿಲ್ಲ" ಅಂದಳು.

ಬಳ್ಳಿ

ಹಬ್ಬದ ದಿನ ವ್ಯಾನ್ ತುಂಬಾ ಜನ ಹೋದೆವು. ಚರ್ಚಿನೊಳಗೆ ಹೋಗುತ್ತಿದ್ದಂತೆ ಮಾತಾ ಎದುರಿಗೇ ಕಂಡಳು. ನೀಲಿ ರೇಷ್ಮೆ, ಬಂಗಾರದ ಅಂಚು, ದೀಪದ ಬೆಳಕು, ಅವಳ ಮುಖ. ಎಷ್ಟು ಸೀರೆ ನೇಯ್ದಿದ್ದೇನೋ, ಉಟ್ಟವರನ್ನು ನಾನು ನೋಡಿದ್ದು ಅದೇ ಮೊದಲು. ಅವ್ವ ಕಣ್ಣು ಒರೆಸಿಕೊಂಡಳು. ಫಾದರ್ ಮೈಕಿನಲ್ಲಿ, "ಸಿರುಮುಗೈಯ ಕೈಗಳಿಗೆ ವಂದನೆ" ಅಂದರು. ಹೆಸರಿಲ್ಲ. ಮಾವ ನನ್ನ ಮೀಸೆ ನೋಡಿ ನಕ್ಕ.

ಪೂಜೆ ಮುಗಿದ ಮೇಲೆ ಎಲ್ಲರನ್ನೂ ಸೆರಗಿನ ಹತ್ತಿರ ಕರೆದೊಯ್ದೆ. "ನೋಡಿ, ಮೂಲೆಯಲ್ಲಿ."

ಮಾವ ಬಗ್ಗಿದ. "ಬಳ್ಳಿ ಇದೆ."

"ಬಳ್ಳಿಯಲ್ಲ ಮಾವ, ನನ್ನ ಹೆಸರು. ಕನ್ನಡ ಅಕ್ಷರ."

"ಅದನ್ನ ಓದೋಕೆ ಬರೋದು ನಿನಗೊಬ್ಬನಿಗೆ. ನೀನು ಹೇಳಿದ್ದನ್ನ ನಾನು ನಂಬಬೇಕಾ?"

ಮಾತಾಗೆ ಸೀರೆ ಉಡಿಸಿದ ಸಿಸ್ಟರ್ ಅಲ್ಲೇ ಹೂವು ಜೋಡಿಸುತ್ತಿದ್ದರು. ನಮ್ಮ ಮಾತು ಕೇಳಿ ತಿರುಗಿ, "ನೀವು ಕನ್ನಡದವರಾ? ನಾನು ಮೈಸೂರಿನ ಕಡೆಯವಳು" ಅಂದರು. ಮಾವ ಬಿಡುತ್ತಾನೆಯೇ? "ನೀವೇ ಓದಿ ಹೇಳಿ ಸಿಸ್ಟರ್, ಇಲ್ಲಿ ಇವನ ಹೆಸರು ಇದೆಯಾ?"

ಸಿಸ್ಟರ್ ನೋಡಿದರು. "ಇಲ್ಲಿ ನಿಂತು ನೋಡಿದರೆ ನನಗೂ ಬಳ್ಳಿಯ ಹಾಗೇ ಕಾಣುತ್ತೆ. ಓದಲು ಬರುವುದಿಲ್ಲ."

ವ್ಯಾನಿನವರೆಲ್ಲ ನಗುತ್ತಾ ಹೊರಗೆ ಹೋದರು. ನಾನು ಅಲ್ಲೇ ನಿಂತಿದ್ದೆ. ಆಗ ಸಿಸ್ಟರ್ ಮೆಲ್ಲಗೆ, "ನಿನ್ನೆ ಪಿನ್ ಹಾಕುವಾಗ ಒಳಗಡೆಯಿಂದ ನೋಡಿದೆ. ಅಲ್ಲಿ ಮುತ್ತಿನ ಹಾಗೆ ಓದಿಸಿಕೊಳ್ಳುತ್ತೆ" ಅಂದರು.

ಆಗ ಹೊಳೆಯಿತು. ನಮ್ಮ ಮಗ್ಗದಲ್ಲಿ ಸೀರೆಯ ಒಳಮೈ ಮೇಲಿರುತ್ತದೆ, ಹೊರಮೈ ಗುಂಡಿಯ ಕಡೆಗೆ. ನವಿಲು, ಮಾವಿನಕಾಯಿ ಯಾವ ಕಡೆ ತಿರುಗಿದರೂ ಅವೇ. ಅಕ್ಷರ ಹಾಗಲ್ಲ. ನನಗೆ ಸರಿಯಾಗಿ ಕಾಣುವಂತೆ ನೇಯ್ದಿದ್ದೆ. ಹೊರಗೆ ಎಲ್ಲ ತಿರುಗುಮುರುಗು. ಹೆಸರು ಇದ್ದದ್ದು ಮಾತಾ ಕಡೆಗೆ.

"ಪಿನ್ ತೆಗೆದು ಮಡಿಚಿ ತೋರಿಸಲಾ? ನಿಮ್ಮ ಮಾವನನ್ನು ಕರೆಯಿರಿ" ಅಂದರು ಸಿಸ್ಟರ್.

ಬಾಗಿಲಲ್ಲಿ ಮಾವ ಮೀಸೆ ತಿರುವುತ್ತಾ ನಿಂತಿದ್ದ. ಒಂದೇ ಒಂದು ಪಿನ್ನಿನ ಕೆಲಸ. ಮಾತಾ ಮುಖ ನೋಡಿದೆ. ಉಟ್ಟುಕೊಂಡು ನಿಂತಿದ್ದಾಳೆ, ನನ್ನ ಪಂತಕ್ಕೋಸ್ಕರ ಸೆರಗು ಎಳೆಯುವುದಾ? "ಬೇಡ ಸಿಸ್ಟರ್" ಅಂದೆ.

ಫಾದರ್ ಬಂದು ಎಲ್ಲ ಕೇಳಿಸಿಕೊಂಡರು. ಬೈಯುತ್ತಾರೆ ಅಂದುಕೊಂಡಿದ್ದೆ. "ಬಲಗೈ ನೇಯ್ದದ್ದು ಎಡಗೈಗೆ ತಿಳಿಯಲೇ ಇಲ್ಲವಲ್ಲ" ಅಂದರು. "ನೇಕಾರನಿಗೆ ಆಗದ ಕೆಲಸ ಅಂದಿದ್ದರು ನಿಮ್ಮಪ್ಪ."

ಈ ಗುಟ್ಟನ್ನು ಮಾವನಿಗೆ ಇವತ್ತಿಗೂ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ, ಅದಕ್ಕೇನೂ ಭಯವಿಲ್ಲ. ಅವನಿಗೆ ಕನ್ನಡ ಅಕ್ಷರ ಬರುವುದಿಲ್ಲ.

ವ್ಯಾನಿನಲ್ಲಿ ಕೂತೆ. ಮಾವ ಹಾಡು ಹೇಳಿದ, ನಾನು ಸುಮ್ಮನಿದ್ದೆ. ಅಂಚು ಸೊಟ್ಟ ಅಂದ, ಸುಮ್ಮನಿದ್ದೆ. ಅವ್ವ ಹಣೆ ಮುಟ್ಟಿ ಜ್ವರ ನೋಡಿದಳು. ಉಕ್ಕಡಂನಲ್ಲಿ ಮಾವ ಸಲೂನಿನ ಮುಂದೆ ವ್ಯಾನ್ ನಿಲ್ಲಿಸಿದ. ಇಳಿದು ಕುರ್ಚಿಯಲ್ಲಿ ಕೂತೆ, ಮುಖ ಒಡ್ಡಿದೆ. ಕತ್ತಿ ಎಡಗಡೆ ಹೋಯಿತು, ಬಲಗಡೆ ಹೋಯಿತು. ಒಂದು ಮಾತೂ ಇಲ್ಲ. ಮಾವನಿಗೇ ಅಳುಕು ಶುರುವಾಗಿ, "ಏನ್ ಡಾ, ಕೋಪನಾ? ಏನಾದರೂ ಮಾತಾಡು ಡಾ" ಅಂದ.

ಬೋಳು ತುಟಿ ಒರೆಸಿಕೊಂಡು ಎದ್ದು ನಿಂತೆ.

"ನೋಡಿದ್ರಾ ಮಾವ" ಅಂದೆ, "ಪೋತ್ತನೂರಿನಿಂದ ಇಲ್ಲಿಯವರೆಗೆ. ಸಿರುಮುಗೈಯಲ್ಲಿ ಇನ್ಯಾವ ನೇಕಾರ ಇಷ್ಟು ಹೊತ್ತು ಸುಮ್ಮನಿರಬಲ್ಲ, ಹೇಳಿ?"