ಬೀಗರ ಹಸಿವಿನ ಬಗ್ಗೆ ನನ್ನ ಅಂದಾಜು

ನಮ್ಮ ಮನೆಯಿಂದ ಚಪ್ಪಲಿ ಹಾಕಿಕೊಂಡು ಹೊರಟರೆ, ಅದು ಕಾಲಿಗೆ ಹೊಂದಿಕೊಳ್ಳುವ ಮೊದಲೇ ರಾಯಚೂರಿನ ಅತ್ಯುತ್ತಮ ತಿಂಡಿ ಅಂಗಡಿಗಳು ಸಿಗುತ್ತವೆ. ನಾನು ಎಂ.ಎ. ಮಾಡಿದ್ದು ಇತಿಹಾಸದಲ್ಲಿ. ಆಳವಾದ ಅಧ್ಯಯನ ಮಾತ್ರ ಈ ಓಣಿಯದು.

ಮಗಳ ಮದುವೆಯಾದ ಮೇಲೆ ಪೋತ್ನಾಳದ ಬೀಗರು ಮೊದಲ ಸಲ ಊಟಕ್ಕೆ ಬಂದಿದ್ದರು. ನನ್ನ ಹೆಂಡತಿ ಶಾಂತಾ ನಸುಕಿನಲ್ಲೇ ಎದ್ದು ಹೋಳಿಗೆಗೆ ಬೇಳೆ ಬೇಯಿಸಿದ್ದಳು. ಬೀಗಿತ್ತಿಯ ಮುಂದೆ ಅವಳ ಮಾನವೆಲ್ಲ ಆ ಹೂರಣದಲ್ಲಿತ್ತು. ನನಗೋ ಕೂತಲ್ಲಿ ಕೂರಲಾಗದ ಚಡಪಡಿಕೆ. ಹೋಗಿ ಹೋಗಿ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದೆ.

"ಒಂದು ಕಡಿ ಕುಂದರ್ರಿ! ಇಲ್ಲಾಂದ್ರ ಬೀಗರನ್ನ ಕರಕೊಂಡು ಅಡ್ಡಾಡಿ ಬರ್ರಿ," ಎಂದಳು ಶಾಂತಾ.

"ಏನೂ ತಿನ್ನಸಬ್ಯಾಡ್ರಿ ಮತ್ತ" ಎಂದೂ ತಾನು ಹೇಳಿದ್ದಾಗಿ ಅವಳ ವಾದ. ನನಗದು ನೆನಪಿಲ್ಲ. ಆದರೆ ನನ್ನ ನೆನಪು ನನಗೆ ಅನುಕೂಲವಾದ ಜಾಗದಲ್ಲೇ ನಿಂತುಬಿಡುತ್ತದೆ. ಅದನ್ನು ನಾನೇ ನಂಬುವುದಿಲ್ಲ.

ಬೀಗರಾದ ಶರಣಪ್ಪನವರು ಹೆಚ್ಚು ಮಾತಾಡುವವರಲ್ಲ. ಓಣಿಯ ಮೂಲೆಯಲ್ಲಿ ಖಾದರ್ ಚಾಚಾನ ಮಿರ್ಚಿ ಭಜಿ ಬಂಡಿ ಎದುರಾದಾಗ ಕುದಿಯುವ ಎಣ್ಣೆಯತ್ತ ಒಮ್ಮೆ ನೋಡಿದರು. ಪಾಪ, ಹಸಿದಿದ್ದಾರೆ! ನಾನು ತಕ್ಷಣ ಕಾರ್ಯಪ್ರವೃತ್ತನಾದೆ.

"ಚಾಚಾ, ಇವ್ರು ನಮ್ಮ ಬೀಗರು."

ಅಷ್ಟು ಹೇಳಬಾರದಿತ್ತು. ನಮ್ಮಲ್ಲಿ ಒಬ್ಬರ ಬೀಗರೆಂದರೆ ಇಡೀ ಓಣಿಯ ಬೀಗರು.

"ಅರೇ, ಬರ್ರಿ ಬರ್ರಿ! ಸಾಹೇಬ್ರ ಬೀಗರು ಅಂದ್ರ ನಮಗೂ ಬೀಗರು. ಬ್ಯಾಡ ಅಂದ್ರ ಮನಸಿಗಿ ಹತ್ತತದ ನೋಡ್ರಿ!"

ಶರಣಪ್ಪನವರು ತಿಂದರು. ಅವರೊಬ್ಬರೇ ತಿನ್ನುವುದು ಚೆಂದವಲ್ಲವೆಂದು ನಾನೂ ತಿಂದೆ. ನಾನು ತಿನ್ನುವಾಗ ಸುಮ್ಮನಿರುವುದು ಸರಿಯಲ್ಲವೆಂದು ಅವರು ಇನ್ನೊಂದು ತಿಂದರು. ಸೌಜನ್ಯಕ್ಕೆ ಕೊನೆ ಎಲ್ಲಿ?

ಎದುರಿಗೆ ಲಕ್ಷ್ಮಮ್ಮನ ಅಂಗಡಿ. ಆಕೆ ಎಲ್ಲವನ್ನೂ ನೋಡುತ್ತಿದ್ದಳು.

"ಚಾಚಾನ ಕಡಿ ತಿಂದು ನಮ್ಮ ಮುಂದ ಹಂಗ ಹೊಂಟ್ರ ಹೆಂಗ್ರೀ? ನಾವೇನು ಪರದೇಶಿಗಳೇನು?"

ವಾದದಲ್ಲಿ ಹುರುಳಿತ್ತು. ಮಂಡಾಳಿನ, ಅಂದರೆ ಮಂಡಕ್ಕಿಯ, ವಗ್ಗರಣಿ ತಟ್ಟೆ ತುಂಬ ಬಂತು. ಆಮೇಲೆ ಇಡ್ಲಿಯವನು ಕೈ ಹಿಡಿದು ಎಳೆದ. ಆಮೇಲೆ ಚಹಾ, ಚಹಾದ ಜೊತೆ ಖಾರಿ ಬಿಸ್ಕತ್ತು.

"ನಿಮ್ಮ ಓಣ್ಯಾಗ ಮನಿಗಳು ಅದಾವೋ ಇಲ್ಲೋ?" ಎಂದು ಶರಣಪ್ಪನವರು ಸಣ್ಣ ದನಿಯಲ್ಲಿ ಕೇಳಿದರು. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ!

ಮನೆಯಲ್ಲಿ ಊಟದ ಗಂಗಾಳಗಳು ಸಿದ್ಧವಾಗಿದ್ದವು. ಶಾಂತಾ ಬೀಗರಿಗೆ ಹೋಳಿಗೆ ಬಡಿಸಿ ತುಪ್ಪ ಸುರಿದು ಅವರ ಮುಖವನ್ನೇ ನೋಡುತ್ತ ನಿಂತಳು. ಶರಣಪ್ಪನವರು ಒಂದು ಚೂರು ಮುರಿದು ಕೈಯಲ್ಲೇ ಹಿಡಿದು ಕೂತರು.

"ಮನ್ಯಾಗ ಹೋಳಿಗಿ ಅಂದ್ರ ಎದ್ದು ಕುಣೀತೀರಿ, ಇಲ್ಲ್ಯಾಕ ಹಿಂಗ?" ಎಂದರು ಬೀಗಿತ್ತಿ.

"ಹೂರಣ ಸರಿ ಆಗಿಲ್ಲೇನ್ರೀ?" ಶಾಂತಾಳ ದನಿ ಇಳಿದಿತ್ತು.

ಆಗ ಶರಣಪ್ಪನವರು ದೀರ್ಘವಾಗಿ ತೇಗಿದರು. ಮಿರ್ಚಿಯ ವಾಸನೆ ಮನೆಯೆಲ್ಲ ಹರಡಿತು.

"ಹೋಳಿಗಿದು ತಪ್ಪಿಲ್ರೀ ಅಕ್ಕಾರ. ನಿಮ್ಮ ಯಜಮಾನ್ರು ಭಾಳ ಹಸದಿದ್ರು. ಅವರಿಗಿ ಜೊತಿ ಆಗಲಿ ಅಂತ ನಾನೂ ತಿಂದೆ."

"ನಾ ಹಸದಿದ್ನಾ? ನೀವಲ್ಲೇನ್ರೀ ಎಣ್ಣಿ ಕಡಿ ನೋಡಿದ್ದು!"

"ಸಿಡದು ಹೊಸಾ ಧೋತರಕ್ಕ ಬಿದ್ದೀತೇನೋ ಅಂತ ನೋಡಿದ್ನಿರೀ."

ಬೀಗಿತ್ತಿ ಬಾಯಿಗೆ ಸೆರಗು ಹಿಡಿದು ನಕ್ಕರು. ಗಂಡನ ತಟ್ಟೆಯನ್ನೂ ತಮ್ಮ ಮುಂದೆ ಎಳೆದುಕೊಂಡು, "ಇಂಥಾ ಹೂರಣ ನನಗ ಇನ್ನೂ ಕುದುರಿಲ್ರೀ, ಕಲಿಸಿಕೊಡ್ರಿ," ಎನ್ನುತ್ತ ಎಲ್ಲವನ್ನೂ ಮುಗಿಸಿದರು. ಶಾಂತಾಳ ಮಾನ ಉಳಿಯಿತು.

ನನ್ನದು ಪೋತ್ನಾಳದಲ್ಲಿ ಹೋಯಿತು. ಈಗ ನಾವು ಅಲ್ಲಿಗೆ ಹೋದರೆ ಉಳಿದವರಿಗೆ ನೀರು, ಕುಶಲ ವಿಚಾರಣೆ, ನಗು. ನಾನು ಹೊಸ್ತಿಲು ದಾಟುವ ಮೊದಲೇ ಬೀಗಿತ್ತಿ ಒಳಗೆ ಕೂಗುತ್ತಾರೆ:

"ಲಗೂ ಗಂಗಾಳ ಹಚ್ರಿ! ಆ ಬೀಗರು ಹಸಿವಿ ತಡಿಯಂಗಿಲ್ಲ!"