ಊಟ ಬಿಟ್ಟು ಉಳಿಸಿದ ಲೈಸೆನ್ಸ್

ನಮ್ಮ ಮನೆಯಲ್ಲಿ ಮುಂದಾಲೋಚನೆ ಇರುವವನು ನಾನೊಬ್ಬನೇ. ಇದನ್ನು ನನ್ನ ಬಾಯಿಂದಲೇ ಹೇಳಿಕೊಳ್ಳಬೇಕಾಗಿ ಬಂದಿರುವುದು ನನ್ನ ದೌರ್ಭಾಗ್ಯ. (ಬೇರೆ ಯಾರೂ ಹೇಳುವುದಿಲ್ಲವಲ್ಲ!)

ಮಗಳು ಮೌನಿಕಾಗೆ ಹದಿನೆಂಟು ತುಂಬಿ, ಕಾರು ಕಲಿಯುವವರಿಗೆ ಕೊಡುವ ಎಲ್ಲೆಲ್ಲಾರ್ ಕೈಗೆ ಬಂದಿತ್ತು. ಸೋಮವಾರ ಪಕ್ಕಾ ಲೈಸೆನ್ಸಿನ ಪರೀಕ್ಷೆ. ಹುಡುಗಿ ನಿದ್ದೆಯಲ್ಲೂ ಗೇರು ಬದಲಾಯಿಸುತ್ತಿದ್ದಳು. ಅಷ್ಟರಲ್ಲಿ ಹಿಂದೂಪುರದ ನಮ್ಮ ಹುಣಸೆಹಣ್ಣಿನ ಮಂಡಿಯ ಪಕ್ಕದಂಗಡಿ ರಾಮಲಿಂಗಯ್ಯ ನನ್ನ ಕಿವಿಗೊಂದು ಸುದ್ದಿ ಹಾಕಿದ.

"ಎಲ್ಲೆಲ್ಲಾರ್ ಇದ್ದಾಗ ಪಾರ್ಕಿಂಗ್ ಚಲಾನ್ ಒಂದು ಬಿದ್ರೆ ಸಾಕು ಕಣಪ್ಪ, ಪಕ್ಕಾ ಲೈಸೆನ್ಸ್ ಕತೆ ಮುಗೀತು. ಕಂಪ್ಯೂಟರೇ ಬ್ಯಾಡ ಅಂದ್ಬುಡ್ತದೆ!"

ನನ್ನ ಎದೆ ಧಸಕ್ಕೆಂದಿತು. ಯಾಕೆಂದರೆ ಭಾನುವಾರ ನನ್ನ ಹೆಂಡತಿ ಪುಷ್ಪಲತಾಳ ತಮ್ಮ ರೇಣುಕಾಪ್ರಸಾದನ ಗೃಹಪ್ರವೇಶ, ಕಲ್ಯಾಣದುರ್ಗದಲ್ಲಿ. ಕಾರು ಓಡಿಸುವವಳು ಮೌನಿಕಾ. ಪಕ್ಕದಲ್ಲಿ ಲೈಸೆನ್ಸ್ ಇರುವವರೊಬ್ಬರು ಕೂರಬೇಕೆಂಬ ಕಾನೂನಿನಂತೆ, ಗುರುಪೀಠದಲ್ಲಿ ನಾನು.

"ಓಡ್ಸೋದು ಯಾರಾದ್ರೂ ಓಡಿಸ್ತಾರೆ ಕಣಮ್ಮ, ನಿಲ್ಸೋದ್ರಾಗೇ ಇರೋದು ವಿದ್ಯೆ!" ಎಂದು ದಾರಿಯುದ್ದಕ್ಕೂ ಉಪದೇಶ ಮಾಡಿದೆ.

"ಅಪ್ಪಾ, ಇನ್ನೂ ಪರಿಗಿ ಊರೇ ದಾಟಿಲ್ಲ. ಈಗ್ಲೇ ನಿಲ್ಸೋ ಮಾತ್ಯಾಕೆ?"

"ಏನ್ರೀ, ಬಾಯಿಗೂ ಒಂದು ಬ್ರೇಕು ಹಾಕ್ಕೊಳ್ಳಿ," ಎಂದಳು ಹಿಂದಿನ ಸೀಟಿನಿಂದ ಅರ್ಧಾಂಗಿ.

ಮೌನಿಕಾ ಅಷ್ಟು ದೂರ ಬೆಣ್ಣೆಯಂತೆ ಓಡಿಸಿ, ಮಾವನ ಮನೆಯೆದುರು ಬೇವಿನ ಮರದಡಿ ಅಚ್ಚುಕಟ್ಟಾಗಿ ನಿಲ್ಲಿಸಿದಳು. ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಆದರೂ ಇಳಿದು ಕಾರಿಗೊಂದು ಪ್ರದಕ್ಷಿಣೆ ಹಾಕಿ ಪರೀಕ್ಷಿಸಿದೆ.

ಪಂಕ್ತಿಯಲ್ಲಿ ಕೂತೆವು. ಒಬ್ಬಟ್ಟು ಎಲೆಗೆ ಬಿತ್ತು, ತುಪ್ಪ ಬೀಳುತ್ತಿತ್ತು. ಕಿಟಕಿಯಾಚೆ ನೋಡುತ್ತೇನೆ, ಪೊಲೀಸಪ್ಪನೊಬ್ಬ ನಮ್ಮ ಕಾರಿನ ಕಡೆಗೇ ಫೋನು ಹಿಡಿದಿದ್ದಾನೆ!

ನಮ್ಮ ಕಡೆ ಪಂಕ್ತಿಯಿಂದ ನಡುವೆ ಎದ್ದರೆ ಕರೆದವರ ಮುಖಕ್ಕೆ ಹೊಡೆದಂತೆ. ಅದರಲ್ಲೂ ಬಾಮೈದನ ಹೊಸ ಮನೆಯ ಮೊದಲ ಊಟ! ಆದರೆ ಮಗಳ ಭವಿಷ್ಯ ಮುಖ್ಯವೋ ಒಬ್ಬಟ್ಟು ಮುಖ್ಯವೋ? ಎದ್ದೇಬಿಟ್ಟೆ.

"ಭಾವಾ, ಏನಾಯ್ತು? ಉಪ್ಪು ಜಾಸ್ತಿ ಆಯ್ತಾ?" ರೇಣುಕಾಪ್ರಸಾದ ಅಳುವಂತಾದ. ಪುಷ್ಪಲತಾ ನೋಡಿದ ನೋಟವನ್ನು ನಾನಿಲ್ಲಿ ಬರೆಯಲಾರೆ.

ಮೌನಿಕಾಳ ಚೀಲದಿಂದ ಕೀಲಿ ಕಸಿದು, ತುಪ್ಪದ ಕೈಯಲ್ಲೇ ಸ್ಟೇರಿಂಗ್ ಹಿಡಿದು, ಪೊಲೀಸಪ್ಪ "ಎಕ್ಕಡಿಕಯ್ಯಾ?" ಎಂದು ತೆಲುಗಿನಲ್ಲಿ ಎಲ್ಲಿಗೆಂದು ಕೇಳುವುದರೊಳಗೆ ಹಾರಿದೆ. ಸ್ವಲ್ಪ ಮುಂದೆ ಭಗವಂತನೇ ನನಗಾಗಿ ಬಿಟ್ಟಂಥ ವಿಶಾಲ ಜಾಗ! ನಿಲ್ಲಿಸಿ ಬೆವರೊರೆಸಿಕೊಂಡೆ. ಹಿಂದಿನಿಂದ ಕುಂದುರ್ಪಿಗೆ ಹೋಗುವ ಬಸ್ಸು ಕಿವಿ ಕಿತ್ತುಹೋಗುವ ಹಾಗೆ ಹಾರ್ನ್ ಹೊಡೆಯಿತು. ಅದು ಬಸ್ ಸ್ಟ್ಯಾಂಡಿನ ಬಾಗಿಲು.

ಪೊಲೀಸಪ್ಪ ಬೈಕಿನಲ್ಲಿ ಬಂದವನೇ ಫೋಟೋ ಹೊಡೆದ.

"ಬ್ಯಾಡ ಸಾರ್! ನನ್ನ ಮಗಳ ಲೈಸೆನ್ಸ್ ಹೋಯ್ತದೆ!"

"ಪಾರ್ಕಿಂಗ್ ಚಲಾನಿಗೂ ಆಯಮ್ಮನ ಲೈಸೆನ್ಸಿಗೂ ಏಮಿ ಸಂಬಂಧಮಯ್ಯಾ? ಇದು ಕಾರಿನ ಮ್ಯಾಲೆ ಬೀಳ್ತದೆ, ಕಟ್ಟಿದ್ರೆ ಮುಗೀತು. ಅಲ್ಲಿ ಸರಿಯಾಗೇ ನಿಲ್ಸಿದ್ರು. ನಾನು ಫೋಟೋ ತೆಗೀತಿದ್ದಿದ್ದು ಪಕ್ಕದ ಟ್ರ್ಯಾಕ್ಟರ್‌ದು."

ಅಬ್ಬಾ, ಮಗಳು ಬಚಾವಾದಳು! ಖುಷಿಗೆ ಅವನನ್ನು ತಬ್ಬಿಕೊಳ್ಳುವುದೊಂದು ಬಾಕಿ. ಅಷ್ಟರಲ್ಲಿ ಅವನು ಕೈಚಾಚಿ, "ಸರೇ, ನಿನ್ನ ಲೈಸೆನ್ಸ್ ತೋರ್ಸು," ಎಂದ.

ಗತ್ತಿನಿಂದಲೇ ತೆಗೆದುಕೊಟ್ಟೆ. (ಅದರಲ್ಲಿ ನನಗೆ ತಲೆತುಂಬ ಕೂದಲಿದೆ.) ಅವನು ತಿರುಗಿಸಿ ಮುರುಗಿಸಿ ನೋಡಿದ.

"ಇದರ ಗಡುವು ಮುಗಿದು ಎರಡು ವರ್ಷ ಆಗ್ಬುಟ್ಟಿದೆಯಲ್ಲಯ್ಯಾ!"

ಅಷ್ಟು ಹೊತ್ತಿಗೆ ತಾಯಿ ಮಗಳು ಇಬ್ಬರೂ ಏದುಸಿರು ಬಿಡುತ್ತಾ ಬಂದಿದ್ದರು. ಮೌನಿಕಾಳ ಮುಖ ಬಿಳಿಚಿಕೊಂಡಿತು.

"ಹಂಗಾದ್ರೆ ಹಿಂದೂಪುರದಿಂದ ನನ್ ಪಕ್ಕ ಕೂತಿದ್ದೋನು ಲೈಸೆನ್ಸೇ ಇಲ್ದೋನಾ ಅಪ್ಪಾ?"

"ಅದು ನೋಡಮ್ಮಾ ನಿನಗೆ ನಿಜವಾದ ತೊಂದ್ರೆ," ಎಂದ ಪೊಲೀಸಪ್ಪ. ಅವಳ ಕಣ್ಣಲ್ಲಿ ನೀರು ಕಂಡು ದನಿ ಇಳಿಸಿದ. "ಹೋಗ್ಲಿ, ನೀನು ಓಡ್ಸಿದ್ದು ನಾನು ನೋಡ್ಲಿಲ್ಲ. ಈ ದೊಡ್ಡಮನುಷ್ಯನ್ನ ಮಾತ್ರ ನೋಡ್ಬುಟ್ಟೆ!"

ಎರಡು ಚಲಾನು ನನ್ನ ಕೊರಳಿಗೆ ಬಿದ್ದವು. ಸಂಜೆ ರೇಣುಕಾಪ್ರಸಾದ ತನ್ನ ಲೈಸೆನ್ಸ್ ಹಿಡಿದು ಮೌನಿಕಾಳ ಪಕ್ಕ ಕೂತ. "ನಿಮ್ಮ ಬಾಯಿಗೆ ಬಸ್ಸೇ ಸರಿ," ಎಂದು ಪುಷ್ಪಲತಾ ನನ್ನನ್ನು ಹತ್ತಿಸಿದಳು. ಕಿಟಕಿಯಿಂದ ನೋಡುತ್ತಿದ್ದಂತೆ ನಮ್ಮ ಕಾರು ಬಸ್ಸನ್ನು ನಾಜೂಕಾಗಿ ಹಿಂದೆ ಹಾಕಿ ಹೋಯಿತು.

ಸೋಮವಾರ ಮೌನಿಕಾ ಒಂದು ತಪ್ಪೂ ಇಲ್ಲದೆ ಪಾಸಾದಳು! ನಾನೂ ಅದೇ ಕಚೇರಿಯಲ್ಲಿದ್ದೆ. ಗಡುವು ಮೀರಿ ಬಹಳ ಕಾಲವಾಗಿದ್ದರಿಂದ ಮೊದಲಿನಿಂದ ಶುರು ಮಾಡಿ ಎಂದಿದ್ದರು. ಮೀಸೆ ಚಿಗುರದ ಹುಡುಗರ ನಡುವೆ ಎಲ್ಲೆಲ್ಲಾರ್ ಪರೀಕ್ಷೆಯ ಕಂಪ್ಯೂಟರಿನ ಮುಂದೆ ಕೂತೆ. ಗಾಜಿನಾಚೆ ಮಗಳು ಹೆಬ್ಬೆರಳೆತ್ತಿ ನನಗೆ ಧೈರ್ಯ ಹೇಳುತ್ತಿದ್ದಳು.

ಮೊದಲನೇ ಪ್ರಶ್ನೆ, ವಾಹನವನ್ನು ಎಲ್ಲಿ ನಿಲ್ಲಿಸಬಾರದು ಎಂದು. ಎಷ್ಟಾದರೂ ನನ್ನದೇ ವಿಷಯವಲ್ಲವೇ, ಪೂರ್ತಿ ಓದದೆಯೇ ಒತ್ತಿದೆ. ತಪ್ಪಾಯಿತು.